ಹಂಡೆ ಬೆಳಗುವ ಹುಳಿ

ನನ್ನ ಕಾಯಿಲೆ ಹಂಡೆ ಎತ್ತಿ ಬಂದದ್ದು ಎಂದು ನಾನು ಕೆಲವು ದಿನ ನಂಬಿದ್ದೆ. ಕೊಪ್ಪದ ಪೇಟೆಯಲ್ಲಿ ನಮ್ಮದು ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಮದುವೆ, ಗೃಹಪ್ರವೇಶ, ತಿಥಿ ಯಾವುದೇ ಇರಲಿ, ನೂರಾರು ಜನರಿಗೆ ಎಲೆ ಹಾಕುವ ಮನೆಗೆ ಹಂಡೆ, ಕೊಪ್ಪರಿಗೆ, ಬೋಗುಣಿ, ಸೌಟು ಎಲ್ಲ ನಮ್ಮಲ್ಲಿಂದ ಹೋಗುತ್ತದೆ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಸ್ಟೀಲಿನ ಪಾತ್ರೆ ಬಂದಿದ್ದರೂ ತಾಮ್ರದ ಹಂಡೆಯೇ ಬೇಕು ಅನ್ನುವವರು ಇನ್ನೂ ಇದ್ದರು. ಆ ಬೇಸಗೆಯಲ್ಲಿ ಶೆಟ್ಟಿಕೊಪ್ಪದ ಒಂದು ಗೃಹಪ್ರವೇಶಕ್ಕೆ ದೊಡ್ಡ ಕೊಪ್ಪರಿಗೆಯನ್ನು ಜೀಪಿಗೆ ಏರಿಸುತ್ತಿದ್ದೆ. ಬೆನ್ನಿನ ಎಡಗಡೆ ಯಾರೋ ಹಾರೆ ಹಾಕಿ ಮೀಟಿದಂತಾಯಿತು. ಕೊಪ್ಪರಿಗೆ ಕೈಬಿಟ್ಟು ಅಲ್ಲೇ ಕೂತೆ.

ಜೀಪಿನ ಡ್ರೈವರು ಮೊದಲು ನಕ್ಕ. ವಯಸ್ಸಾಯ್ತು ಮಾರಾಯ ನಿಂಗೆ, ಅಂದ. ಆಮೇಲೆ ನನ್ನ ಬೆವರು ನೋಡಿ ಅವನ ನಗು ನಿಂತಿತು. ನೋವು ಬೆನ್ನಿನಿಂದ ಹೊರಟು ಹೊಟ್ಟೆಯನ್ನು ಬಳಸಿ ತೊಡೆಸಂದಿಗೆ ಇಳಿಯಿತು. ಕೂತರೂ ಆಗದು, ಮಲಗಿದರೂ ಆಗದು, ನಿಂತರೂ ಆಗದು. ಕಲ್ಲಿನ ನೋವು ಉಂಡವರಿಗೆ ನಾನು ಇನ್ನು ವಿವರಿಸಬೇಕಾದ್ದಿಲ್ಲ. ಉಣ್ಣದವರು ಹಾಗೇ ಇರಲಿ.

ಸ್ಕ್ಯಾನಿಂಗ್‌ಗೆ ಹೋದ ದಿನ ಆ ನೋವು ಇರಲಿಲ್ಲ, ಬೇರೆಯದೇ ಕಷ್ಟ ಇತ್ತು. ಹೊಟ್ಟೆ ತುಂಬ ನೀರು ಕುಡಿದು ಉಚ್ಚೆ ತಡೆದುಕೊಂಡು ಕೂರಬೇಕು. ಆ ಕೋಣೆಯಲ್ಲಿ ಹತ್ತು ಹನ್ನೆರಡು ಜನ, ಎಲ್ಲರ ಕೈಯಲ್ಲೂ ನೀರಿನ ಬಾಟಲಿ, ಎಲ್ಲರ ಮುಖದಲ್ಲೂ ಒಂದೇ ಅವಸರ. ಅಲ್ಲಿ ಯಾರಿಗೂ ಯಾರ ಮುಂದೆಯೂ ನಾಚಿಕೆ ಇರಲಿಲ್ಲ. ಬಸುರಿ ಹೆಂಗಸೊಬ್ಬಳು ನನ್ನ ಪಾಡು ನೋಡಿ ತನ್ನ ಸರದಿಯನ್ನು ಬಿಟ್ಟುಕೊಟ್ಟಳು. ಅವಳ ಹೆಸರು ಕೇಳಲಿಲ್ಲ, ಆ ಉಪಕಾರ ಮಾತ್ರ ಮರೆತಿಲ್ಲ.

ಎಡ ಕಿಡ್ನಿಯಿಂದ ಸ್ವಲ್ಪ ಕೆಳಗೆ ಚಿಕ್ಕದೊಂದು ಕಲ್ಲು ಇದೆ ಎಂದು ಗೊತ್ತಾಯಿತು. ಡಾಕ್ಟರು ನೋವಿಗೆ ಮಾತ್ರೆ ಕೊಟ್ಟು, ಚೆನ್ನಾಗಿ ನೀರು ಕುಡಿ, ತಾನಾಗಿ ಬಿದ್ದುಹೋಗುತ್ತದೆ, ಬೇರೆ ಏನೂ ಮಾಡಬೇಡ ಅಂದರು. ಆ ಕೊನೆಯ ಮಾತನ್ನು ನಮ್ಮ ಊರಿನಲ್ಲಿ ಯಾರೂ ಕೇಳುವುದಿಲ್ಲ.

ಕಲ್ಲಿಗೆ ಔಷಧಿ ಹೇಳದ ಮನುಷ್ಯ ಕೊಪ್ಪದಲ್ಲಿ ಇಲ್ಲ ಎಂದು ನನಗೆ ಆ ವಾರದಲ್ಲಿ ತಿಳಿಯಿತು. ಬಾಳೆದಿಂಡಿನ ರಸ ಅಂದರು, ಹುರುಳಿ ಬೇಯಿಸಿದ ನೀರು ಅಂದರು. ಅಂಗಡಿಗೆ ಬಂದ ಒಬ್ಬರು ಬಾಗಿಲ ಕಡೆ ನೋಡಿಕೊಂಡು ಪಿಸುದನಿಯಲ್ಲಿ ಬೀರು ಕುಡಿ ಅಂದರು. ಎಲ್ಲರೂ ಒಪ್ಪಿದ ಮಾತು ಒಂದೇ: ಕಲ್ಲು ಸುಣ್ಣದ್ದು, ಹಾಲು ಮೊಸರಿನಲ್ಲಿ ಇರುವುದೂ ಸುಣ್ಣವೇ, ಆದ್ದರಿಂದ ಹಾಲು ಮೊಸರು ಬಿಡು. ಮೊಸರನ್ನ ಇಲ್ಲದ ಊಟವನ್ನು ನಾನು ಊಟ ಅಂದುಕೊಂಡವನೇ ಅಲ್ಲ. ಆದರೂ ನೋವಿನ ಹೆದರಿಕೆಗೆ ಅದನ್ನೂ ಬಿಟ್ಟೆ.

ನನ್ನ ಅಮ್ಮ ಇವರ ಯಾರ ಮಾತನ್ನೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳಿಗೆ ಅವಳದೇ ಲೆಕ್ಕಾಚಾರ ಇತ್ತು. ಅಪ್ಪ ತೀರಿಕೊಂಡ ಮೇಲೆ ಅಂಗಡಿಯನ್ನು ನಿಲ್ಲಿಸಿದವಳು ಅವಳು. ನಾನು ಓದು ಮುಗಿಸಿ ಗಲ್ಲಾದ ಮುಂದೆ ಕೂರುವವರೆಗೂ ಪಾತ್ರೆ ಕೊಡುವುದು, ತೆಗೆದುಕೊಳ್ಳುವುದು, ನೆಗ್ಗಿದ್ದಕ್ಕೆ ಜಗಳ ಆಡುವುದು ಎಲ್ಲ ಅವಳೇ. ಆಮೇಲೂ ಪಾತ್ರೆ ಬೆಳಗುವ ಕೆಲಸವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಅಂಗಡಿಯ ಹಿಂದೆ ಒಂದು ಬಿಂಬುಳಿ ಮರ. ನೋಡಿಲ್ಲದವರಿಗೆ ಹೇಳುತ್ತೇನೆ: ಬೆರಳುದ್ದದ ಹಸಿರು ಕಾಯಿ, ಕಾಂಡಕ್ಕೇ ಗೊಂಚಲು ಗೊಂಚಲಾಗಿ ಅಂಟಿಕೊಂಡು ಬಿಡುತ್ತದೆ, ಬಾಯಿಗಿಟ್ಟರೆ ಕಣ್ಣು ಮುಚ್ಚಿ ಹೋಗುವಷ್ಟು ಹುಳಿ. ನಮ್ಮ ಕಡೆ ಉಪ್ಪಿನಕಾಯಿಗೆ, ಚಟ್ನಿಗೆ ಒಂದೆರಡು ಹಾಕುತ್ತಾರೆ. ಅಮ್ಮ ಅದನ್ನು ಜಜ್ಜಿ, ಉಪ್ಪು ಸೇರಿಸಿ ತಾಮ್ರ ತಿಕ್ಕುತ್ತಿದ್ದಳು. ಕಪ್ಪು ಹಿಡಿದ ಹಂಡೆ ಅವಳ ಕೈಯಲ್ಲಿ ಹೊಸತರಂತೆ ಕೆಂಪಾಗುತ್ತಿತ್ತು.

ಅದಕ್ಕಿಂತ ಮುಖ್ಯವಾದ ಇನ್ನೊಂದು ಉಪಯೋಗ ಇತ್ತು. ನಮ್ಮ ಹಂಡೆಗಳು ಬಯಲುಸೀಮೆಯ ಕಡೆಗೂ ಹೋಗುತ್ತವೆ. ಅಲ್ಲಿಯ ಬೋರ್‌ವೆಲ್ ನೀರು ಕಾಯಿಸಿ ವಾಪಸು ಬಂದರೆ ಒಳಗೆಲ್ಲ ಬಿಳಿ ಕಟ್ಟು, ಉಗುರಿನಿಂದ ಕೆರೆದರೆ ಕಲ್ಲೇ. ಅಮ್ಮ ಆ ಹಂಡೆಗೆ ಬಿಂಬುಳಿ ಹಾಕಿ, ನೀರು ತುಂಬಿ, ಒಲೆಯ ಮೇಲೆ ಕುದಿಸಿ ಬಿಡುತ್ತಿದ್ದಳು. ಮಾರನೆಯ ದಿನ ಆ ಕಟ್ಟು ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತಿತ್ತು.

ಒಂದು ಬೆಳಿಗ್ಗೆ ಅಂಥದೇ ಚಕ್ಕೆಯೊಂದನ್ನು ಅಂಗೈಯಲ್ಲಿ ಹಿಡಿದುಕೊಂಡು ಅಂಗಡಿಯೊಳಗೆ ಬಂದಳು.

"ನಿನ್ ಹೊಟ್ಟೇಲಿ ಇರೋದು ಇದೇ ಅಲ್ವನಾ? ಹಂಡೆದು ಬಿಡ್ಸೋ ಹುಳಿ ನಿಂದು ಬಿಡ್ಸಲ್ವಾ?"

ಇಲ್ಲಿ ನಾನು ಅಮ್ಮನೊಬ್ಬಳ ಮೇಲೆ ಭಾರ ಹೊರಿಸಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಡಿಗ್ರಿ ಓದಿದ ನನಗೂ ಆ ಮಾತು ಬಹಳ ಸರಿ ಅನ್ನಿಸಿತು. ಬಾಳೆದಿಂಡನ್ನೂ ಹುರುಳಿಯನ್ನೂ ಯಾರೋ ಹೇಳಿದ್ದು. ಇದಾದರೆ ನಾವು ಕಣ್ಣಾರೆ ಕಂಡದ್ದು, ಅನ್ನ ಕೊಟ್ಟ ಕೆಲಸದಲ್ಲೇ ಕಲಿತದ್ದು. ಪಾತ್ರೆಯವರಿಗೆ ಮೈಯೂ ಒಂದು ಪಾತ್ರೆಯಂತೆಯೇ ಕಾಣುತ್ತದೆ ಅಂತ ಈಗ ಅನ್ನಿಸುತ್ತದೆ.

ಮಾರನೆಯ ದಿನದಿಂದ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ಬಿಂಬುಳಿ ರಸ. ಅಮ್ಮ ಎದ್ದವಳೇ ಕಾಯಿ ಕೊಯ್ದು, ಜಜ್ಜಿ, ಬಟ್ಟೆಯಲ್ಲಿ ಹಿಂಡಿ ತರುತ್ತಿದ್ದಳು. ನೀರು ಬೆರೆಸಿದರೆ ಕಸುವು ಹೋಗುತ್ತದೆ ಎಂದು ಬೆರೆಸುತ್ತಿರಲಿಲ್ಲ. ಕುಡಿದರೆ ಹಲ್ಲು ಜುಮ್ಮೆಂದು ಮಧ್ಯಾಹ್ನದವರೆಗೆ ಅನ್ನ ಅಗಿಯಲಿಕ್ಕಾಗುತ್ತಿರಲಿಲ್ಲ. ನನ್ನ ಹೆಂಡತಿ ಸುಜಾತ ಹಿರೇಕೊಡಿಗೆಯವಳು, ಮಾತಿನಲ್ಲಿ ಸ್ವಲ್ಪ ಖಾರ. ಡಾಕ್ಟರು ಹೇಳಿದ್ದು ನೀರು, ನೀವು ಕುಡಿಯುತ್ತಿರುವುದು ಆಸಿಡ್ಡು, ಎಂದು ಮೊದಲ ದಿನವೇ ಹೇಳಿದಳು. ಹಂಡೆ ತೂತಾಗಿದೆಯಾ ಇದುವರೆಗೆ, ಎಂದು ಅಮ್ಮ ಕೇಳಿದಳು.

ಒಂದು ವಾರ ಕಳೆದಿರಬೇಕು, ಬಿಕ್ಕಳಿಕೆ ಶುರುವಾಯಿತು. ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದು ಮನೆಯಲ್ಲಿ ತಮಾಷೆ ಮಾಡಿದರು. ನಿಲ್ಲಲೇ ಇಲ್ಲ. ಆಮೇಲೆ ಬಾಯಿಗೆ ಏನಿಟ್ಟರೂ ವಾಕರಿಕೆ. ಬೆಳಿಗ್ಗೆ ಎದ್ದರೆ ಕಣ್ಣಿನ ಸುತ್ತ ಊತ. ಉಚ್ಚೆ ಕಡಿಮೆಯಾಗುತ್ತ ಬಂತು. ಕಲ್ಲು ಜಾರಿ ಬಂದು ಅಡ್ಡ ನಿಂತಿದೆ, ಅದಕ್ಕೇ ಹೀಗೆ ಎಂದು ನಾನೇ ಎಲ್ಲರಿಗೂ ಸಮಾಧಾನ ಹೇಳಿದೆ. ಕೊನೆಗೊಂದು ದಿನ ಬಚ್ಚಲಿಗೆ ಹೋಗಿ ನಿಂತರೆ ಏನೂ ಬರಲಿಲ್ಲ. ಅಮ್ಮ ಆ ಬೆಳಿಗ್ಗೆಯೂ ಲೋಟ ತಂದಳು. ಸುಜಾತ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಬಚ್ಚಲಿಗೆ ಸುರಿದಳು. ಮದುವೆಯಾಗಿ ಬಂದಲ್ಲಿಂದ ಅತ್ತೆಯ ಕೈಯಿಂದ ಅವಳು ಏನನ್ನೂ ಹಾಗೆ ಕಿತ್ತುಕೊಂಡವಳಲ್ಲ.

ಕೊಪ್ಪದ ಡಾಕ್ಟರು ರಕ್ತ ಪರೀಕ್ಷೆಯ ಕಾಗದವನ್ನು ಎರಡು ಸಲ ಓದಿದರು. ಎರಡೂ ಕಿಡ್ನಿ ಕೆಲಸ ನಿಲ್ಲಿಸುತ್ತಿವೆ, ಒಂದು ಚಿಕ್ಕ ಕಲ್ಲಿನಿಂದ ಹೀಗಾಗುವುದಿಲ್ಲ, ಕಾರಣ ಇಲ್ಲಿ ಗೊತ್ತಾಗುವುದಿಲ್ಲ, ಈಗಲೇ ಘಟ್ಟ ಇಳಿದು ಕರಾವಳಿಯ ದೊಡ್ಡ ಆಸ್ಪತ್ರೆಗೆ ಹೋಗಿ ಅಂದರು. ಮಗಳನ್ನು ಹಿರೇಕೊಡಿಗೆಯ ಅಜ್ಜಿಮನೆಗೆ ಕಳಿಸಿ, ನಾನು, ಸುಜಾತ, ಅಮ್ಮ ಜೀಪು ಹತ್ತಿದೆವು. ಶೃಂಗೇರಿ ದಾಟಿ ಕೆರೆಕಟ್ಟೆಯ ಹತ್ತಿರ ಎರಡು ಸಲ ಜೀಪು ನಿಲ್ಲಿಸಿ ವಾಂತಿ ಮಾಡಿಕೊಂಡೆ. ಅಮ್ಮ ನನ್ನ ಹಣೆ ಹಿಡಿದುಕೊಂಡು ನಿಂತಿದ್ದಳು. ಕಲ್ಲು ಹೊರಗೆ ಬರಲಿಕ್ಕೇ ಇಷ್ಟೆಲ್ಲ ಆಗುತ್ತಿರುವುದು ಎಂದು ಅವಳು ಆಗಲೂ ನಂಬಿದ್ದಳು.

ಕರಾವಳಿಯ ಆ ದೊಡ್ಡ ಆಸ್ಪತ್ರೆಯಲ್ಲಿ ನನ್ನ ಕುತ್ತಿಗೆಯ ಪಕ್ಕದಲ್ಲಿ ಒಂದು ನಳಿಗೆ ಹಾಕಿದರು. ಅದರಿಂದ ರಕ್ತ ಹೊರಗೆ ಹೋಗಿ ಯಂತ್ರದಲ್ಲಿ ತೊಳೆದುಕೊಂಡು ವಾಪಸು ಬರುತ್ತದೆ. ಡಯಾಲಿಸಿಸ್ ಎಂಬ ಮಾತನ್ನು ಅಲ್ಲಿಯವರೆಗೆ ಬೇರೆಯವರ ಮನೆಯ ಸುದ್ದಿಯಾಗಿ ಮಾತ್ರ ಕೇಳಿದ್ದೆ. ಯಂತ್ರದ ಪಕ್ಕ ಮಲಗಿ ಕೆಂಪು ನಳಿಗೆಗಳನ್ನು ನೋಡುವಾಗ ಅದರಲ್ಲಿ ಓಡುತ್ತಿರುವುದು ನನ್ನದೇ ಎಂದು ನಂಬಲಿಕ್ಕೆ ಕಷ್ಟವಾಗುತ್ತಿತ್ತು. ಮೈಯೆಲ್ಲ ಚಳಿ. ಅದಕ್ಕಿಂತ ಕೆಟ್ಟದ್ದು ಬಾಯಾರಿಕೆ. ಕಲ್ಲಿಗೆ ನೀರು ಕುಡಿ ಕುಡಿ ಎಂದವರೆಲ್ಲ ಹೋಗಿ, ಈಗ ಗುಟುಕು ಅಳೆದು ಕೊಡುವವರು ಬಂದಿದ್ದರು. ಸುಜಾತ ಹತ್ತಿಯನ್ನು ಒದ್ದೆ ಮಾಡಿ ತುಟಿಗೆ ಒತ್ತುತ್ತಿದ್ದಳು. ಆ ಒದ್ದೆಯಷ್ಟು ರುಚಿಯಾದದ್ದನ್ನು ನಾನು ಯಾವ ಊಟದ ಮನೆಯಲ್ಲೂ ತಿಂದಿಲ್ಲ.

ಯಂತ್ರದ ಕೋಣೆಯಲ್ಲಿ ನನ್ನ ಪಕ್ಕದ ಹಾಸಿಗೆ ಕೆರೆಕಟ್ಟೆಯ ಶೇಷಪ್ಪಣ್ಣನದು. ಕಾಡಿನ ಕೂಲಿ ಕೆಲಸ ಮಾಡಿದ್ದವರು, ಅರವತ್ತರ ಆಸುಪಾಸು. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಹೋಗಿತ್ತು. ವಾರಕ್ಕೆ ಎರಡು ಸಲ, ಊರಿಗೆ ಬರುವ ಒಂದೆರಡು ಬಸ್ಸನ್ನೇ ನೆಚ್ಚಿಕೊಂಡು ಘಟ್ಟ ಇಳಿದು ಬರುತ್ತಿದ್ದರು. ನಮ್ಮ ಕಡೆಯವರು ಎಂದು ಗೊತ್ತಾದ ಕೂಡಲೇ ಮಾತು ಶುರುವಾಯಿತು. ನಮ್ಮ ಅಂಗಡಿಯ ಹಂಡೆಯಲ್ಲೇ ತಮ್ಮ ಮಗಳ ಮದುವೆಯ ಅಡುಗೆ ಆದದ್ದು ಎಂದು ನೆನಪಿಸಿಕೊಂಡರು. ನಾನು ಒಂದು ದಿನ ತಡೆಯಲಾರದೆ, ಇದು ಎಷ್ಟು ಕಾಲ ಶೇಷಪ್ಪಣ್ಣ ಎಂದು ಕೇಳಿಬಿಟ್ಟೆ.

"ನಂದು ಇರೋವರಿಗೂ ಮಾರಾಯ. ನಿಂದು ಹಂಗಲ್ಲ. ನಿಂದು ಇನ್ನೂ ಯಾಕೆ ಅಂತ್ಲೇ ಗೊತ್ತಿಲ್ವಲ. ಗೊತ್ತಿಲ್ದೆ ಇರೋದ್ರಲ್ಲಿ ಸ್ವಲ್ಪ ಆಸೆ ಇರ್ತದೆ," ಅಂದರು.

ಆ ಕಾರಣ ಹುಡುಕಲಿಕ್ಕೆ ಬೆನ್ನಿನಿಂದ ಸೂಜಿ ಹಾಕಿ ಕಿಡ್ನಿಯ ಒಂದು ಚೂರು ತೆಗೆದರು. ತೆಗೆದ ಮೇಲೆ ಇಡೀ ದಿನ ಅಲ್ಲಾಡದೆ ಮಲಗಬೇಕು. ಮೇಲೆ ಸುಣ್ಣ ಬಳಿದ ಸೂರು, ಪಕ್ಕದಲ್ಲಿ ಅಮ್ಮನ ಉಸಿರು. ಸತ್ತುಹೋಗುತ್ತೇನೆ ಎಂಬುದಕ್ಕಿಂತ, ಹೀಗೇ ವಾರಕ್ಕೆ ಎರಡು ಸಲ ಘಟ್ಟ ಇಳಿದು ಹತ್ತಿ ಬದುಕಬೇಕಾಗುತ್ತದೆ, ಅಂಗಡಿ ಮುಚ್ಚಬೇಕಾಗುತ್ತದೆ ಎಂಬ ಹೆದರಿಕೆ ನನಗೆ ಹೆಚ್ಚು ಇತ್ತು. ಹೀಗೆ ಹೇಳುವುದು ಧೈರ್ಯ ತೋರಿಸಲಿಕ್ಕಲ್ಲ. ಸಾವಿನ ಹೆದರಿಕೆ ಬಂದು ಹೋಗುತ್ತಿತ್ತು, ಇದು ಬಂದು ಕೂತಿತ್ತು.

ಕಿಡ್ನಿಯ ಡಾಕ್ಟರು ಒಬ್ಬ ಹೆಂಗಸು, ಕರಾವಳಿಯವರೇ. ಯಾವಾಗಲೂ ನಿಂತೇ ಮಾತಾಡುವವರು ಆ ದಿನ ಕುರ್ಚಿ ಎಳೆದುಕೊಂಡು ಕೂತರು. ಅಮ್ಮ ಫ್ಲಾಸ್ಕ್ ಹಿಡಿದುಕೊಂಡು ಹಾಸಿಗೆಯ ಕಾಲಿನ ಕಡೆ ನಿಂತಿದ್ದಳು.

"ಮನೆಯಲ್ಲಿ ಎಂತಾದ್ರೂ ಮದ್ದು ಮಾಡಿ ಕುಡಿದದ್ದುಂಟಾ? ಹುಳಿಯದ್ದು? ನಕ್ಷತ್ರದ ಹಾಗೆ ಇರುವ ದಾರೆಹುಳಿ, ಬಿಂಬುಳಿ, ಅಂಥದ್ದು?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು: "ಬಿಂಬುಳಿ. ನಾನೇ ಕೊಟ್ಟಿದ್ದು. ಕಲ್ಲು ಬೀಳ್ಲಿ ಅಂತ."

ಡಾಕ್ಟರು ಗದರಲಿಲ್ಲ. ಗದರಿದ್ದರೆ ಅಮ್ಮನಿಗೆ ಹಗುರವಾಗುತ್ತಿತ್ತೇನೋ. ಆಕ್ಸಲೇಟ್ ಎಂಬ ಶಬ್ದವನ್ನು ನಾವು ಕೇಳಿದ್ದು ಆಗಲೇ. ಸುಣ್ಣದ ಜೊತೆ ಸೇರಿ ಹರಳಾಗುವ ಆ ವಸ್ತು ಬಿಂಬುಳಿಯೊಳಗೇ ಇರುವುದು, ನನ್ನ ಕಲ್ಲಿಗೂ ಬಹುಶಃ ಅದೇ ಮೂಲ, ಸಾರಿಗೆ ಒಂದು ಕಾಯಿ ಹಾಕುವುದು ಬೇರೆ, ಖಾಲಿ ಹೊಟ್ಟೆಗೆ ಲೋಟಗಟ್ಟಲೆ ರಸ ಕುಡಿಯುವುದು ಬೇರೆ, ಈಗ ಅದು ಎರಡೂ ಕಿಡ್ನಿಯೊಳಗೆ ಹರಳಾಗಿ ತುಂಬಿ ದಾರಿ ಮುಚ್ಚಿದೆ ಎಂದು ನಿಧಾನವಾಗಿ ತಿಳಿಸಿದರು. ಹೀಗಾದವರಲ್ಲಿ ಹಲವರ ಕಿಡ್ನಿ ವಾಪಸು ಬಂದದ್ದೂ ಉಂಟು, ಬಾರದ್ದೂ ಉಂಟು, ಕಾಯಬೇಕು ಅಂದರು. ಅಮ್ಮ ಫ್ಲಾಸ್ಕನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೊರಗೆ ಹೋದಳು.

ಅವತ್ತಿನಿಂದ ಅವಳು ನನಗೆ ಏನನ್ನೂ ತನ್ನ ಕೈಯಿಂದ ಕೊಡಲಿಲ್ಲ. ಮಾತ್ರೆ ಕೊಡುವ ಹೊತ್ತಾದರೆ ಸುಜಾತಳನ್ನು ಕರೆಯುತ್ತಿದ್ದಳು. ಅವಳಿಲ್ಲದಿದ್ದರೆ ನರ್ಸನ್ನು ಕರೆಯುತ್ತಿದ್ದಳು. ಪಕ್ಕದಲ್ಲೇ ಲೋಟ ಇದ್ದರೂ ಎತ್ತುತ್ತಿರಲಿಲ್ಲ. ಬಾಗಿಲ ಹತ್ತಿರ ನೆಲದ ಮೇಲೆ ಕೂತು ನನ್ನನ್ನು ನೋಡುತ್ತಿದ್ದಳು.

ನನಗೆ ಆ ದಿನಗಳಲ್ಲಿ ಅವಳ ಮೇಲೆ ಸಿಟ್ಟು ಇತ್ತು. ಬರೆಯಬಾರದು ಅಂದುಕೊಂಡಿದ್ದೆ, ಆದರೆ ಇಂಥ ಕಾಯಿಲೆಯಲ್ಲಿ ಮಲಗಿದವರಿಗೆ ತಮ್ಮವರ ಮೇಲೆಯೇ ಬರುವ ಸಿಟ್ಟು ಎಷ್ಟು ಒಂಟಿ ಎಂದು ನನಗೆ ಗೊತ್ತು. ಕುಡಿದದ್ದು ನಾನು, ಒಪ್ಪಿದ್ದು ನಾನು, ಆದರೂ ಸಿಟ್ಟು ಅವಳ ಮೇಲೆ. ಅವಳು ಬಾಗಿಲಲ್ಲಿ ಕೂತಿರುವುದು ನೋಡಿದರೆ ಇನ್ನೂ ಹೆಚ್ಚಾಗುತ್ತಿತ್ತು. ಗೋಡೆಯ ಕಡೆ ಹೊರಳಿ ಮಲಗುತ್ತಿದ್ದೆ. ಲೋಟವನ್ನು ಕಿತ್ತು ಸುರಿದ ಸುಜಾತಳೇ ಆಗ ಅವಳ ಪರವಾಗಿ ನಿಂತಳು.

"ನಾನು ಬೇಡ ಅಂದಿದ್ದೆ ಅಂತ ಹೇಳೋದಕ್ಕೆ ನಂಗೆ ಎಷ್ಟೊತ್ತೂ ಬೇಕಾಗಲ್ಲ. ಆದ್ರೆ ಅವ್ರು ಎಂತ ಉಂಡಿದ್ದಾರೆ ಅಂತ ನೀವು ಕೇಳಿದ್ರಾ?" ಅಂದಳು.

ಕೇಳಿರಲಿಲ್ಲ. ನಾನು ಅನ್ನ ಬಿಟ್ಟಾಗಿನಿಂದ ಅಮ್ಮನೂ ಗಂಜಿಯಲ್ಲೇ ದಿನ ಕಳೆಯುತ್ತಿದ್ದಳು. ಆವತ್ತು ಗೋಡೆಯ ಕಡೆ ಹೊರಳಲಿಲ್ಲ. ಸಿಟ್ಟು ಪೂರ್ತಿ ಹೋಯಿತು ಎಂದರೆ ಸುಳ್ಳಾಗುತ್ತದೆ, ಆದರೆ ಅವಳ ಮುಖ ನೋಡಲಿಕ್ಕೆ ಆಯಿತು.

ಇನ್ನು ಕಾಯುವುದೊಂದೇ. ಏನನ್ನು ಕಾಯುತ್ತಿದ್ದೆವು ಎಂದು ಹೇಳಲಿಕ್ಕೆ ಈಗ ನಾಚಿಕೆ ಇಲ್ಲ, ಉಚ್ಚೆಯನ್ನು. ಹಾಸಿಗೆಯ ಕೆಳಗೆ ಗೆರೆ ಹಾಕಿದ ಪ್ಲಾಸ್ಟಿಕ್ ಜಗ್ಗು. ಬೆಳಿಗ್ಗೆ ನರ್ಸು ಬಂದು ಅದನ್ನೆತ್ತಿ ಬೆಳಕಿಗೆ ಹಿಡಿಯುವಾಗ ನಾವು ಮೂವರೂ ಉಸಿರು ಬಿಗಿಹಿಡಿಯುತ್ತಿದ್ದೆವು. ತಳದಲ್ಲಿ ಟೀ ಡಿಕಾಕ್ಷನ್ ಬಣ್ಣದ ಚೂರು. ಮತ್ತೆ ಯಂತ್ರ. ಮತ್ತೆ ಆ ಚಳಿ. ಶೇಷಪ್ಪಣ್ಣ ತಮ್ಮ ಸರದಿಗೆ ಬಂದಾಗಲೆಲ್ಲ ಮೊದಲು ವಾರ್ಡಿಗೆ ಬಂದು ನನ್ನ ಹಾಸಿಗೆಯ ಕೆಳಗೆ ಬಗ್ಗಿ ನೋಡಿ, ಆಮೇಲೆ ತಮ್ಮ ಜಾಗಕ್ಕೆ ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಜಗ್ಗಿನ ಕಾಲು ಭಾಗ ತುಂಬಿತ್ತು. ಮಾರನೆಯ ದಿನ ಅರ್ಧ. ಅದಾದ ಮೇಲೆ ಅಣೆಕಟ್ಟಿನ ಬಾಗಿಲು ತೆಗೆದ ಹಾಗೆ, ಎಷ್ಟು ಸಲ ಎದ್ದರೂ ಸಾಲದು. ನರ್ಸು ನಗುತ್ತ ಇನ್ನೊಂದು ಜಗ್ಗು ತಂದಿಟ್ಟಳು. ಸುಜಾತ ಹೊರಗೆ ಹೋಗಿ ಅಮ್ಮನಿಗೆ ಹೇಳಿದಳು. ಅಮ್ಮ ಕಾರಿಡಾರಿನ ಗೋಡೆಗೆ ಒರಗಿ, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಒಳಗೆ ಮಲಗಿದ್ದ ನನಗೆ ಅದು ಕೇಳಿಸಿತು. ಮೂವತ್ತೆಂಟು ವರ್ಷದ ಗಂಡಸಿನ ಉಚ್ಚೆಗೆ ಯಾರಾದರೂ ಹಾಗೆ ಅಳುವುದುಂಟಾ ಎಂದು ನಗಲಿಕ್ಕೆ ಹೋದೆ. ನನಗೂ ಅಳುವೇ ಬಂತು.

ಯಂತ್ರ ಬೇಡ ಅಂದ ದಿನ ಶೇಷಪ್ಪಣ್ಣನ ಹತ್ತಿರ ಹೇಗೆ ಹೇಳುವುದು ಎಂದು ಗೊತ್ತಾಗಲಿಲ್ಲ. ಅವರೇ ನನ್ನ ಕುತ್ತಿಗೆ ನೋಡಿ, ನಳಿಗೆ ತೆಗೆದ್ರಾ, ಒಳ್ಳೇದಾಯ್ತು, ಇನ್ನು ಈ ಬಾಗ್ಲು ನೋಡ್ಬೇಡ ಅಂದರು. ಆಮೇಲೆ ಎರಡು ಸಲ ಕೆರೆಕಟ್ಟೆಗೆ ಹೋಗಿ ಅವರನ್ನು ಮಾತಾಡಿಸಿ ಬಂದೆ. ಮೂರನೆಯ ಸಲ ಹೋಗುವಾಗ ಅವರಿರಲಿಲ್ಲ.

ಮನೆಗೆ ಬಂದ ಮೇಲಿನ ಬದುಕು ಪಥ್ಯದ್ದು. ನನಗೆ ಹೇಳಿದ ಪಥ್ಯ ನನ್ನ ಕಿಡ್ನಿಯನ್ನು ನೋಡಿ ಹೇಳಿದ್ದು, ನಿಮ್ಮದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಬಿಂಬುಳಿ, ದಾರೆಹುಳಿಯ ಹೆಸರೂ ಎತ್ತುವಂತಿಲ್ಲ. ಬಸಳೆ, ಹರಿವೆ, ಕೆಸುವಿನ ಎಲೆ ಹೋದವು. ಎಳ್ಳು, ಶೇಂಗಾ, ಗೋಡಂಬಿ ಹೋದವು. ಅಂಗಡಿಯಲ್ಲಿ ಕೂತು ಹೀರುತ್ತಿದ್ದ ಗಟ್ಟಿ ಚಹಾ ಹೋಯಿತು. ಕೆಸುವಿನ ಎಲೆಯಲ್ಲಿ ಪತ್ರೊಡೆ ಮಾಡುವ ಕಾಲದಲ್ಲಿ ಪಕ್ಕದ ಮನೆಯಿಂದ ಬರುವ ಒಗ್ಗರಣೆಯ ವಾಸನೆಗೆ ನಾನು ಬೇಕೆಂದೇ ಎದ್ದು ಪೇಟೆಯ ಕಡೆ ಹೋಗುತ್ತಿದ್ದೆ. ನನ್ನ ಕಸುಬೋ ಊಟದ ಮನೆಗಳದ್ದು. ಪಾತ್ರೆ ತರಲಿಕ್ಕೆ ಹೋದಲ್ಲಿ ಎಲೆಯ ಮುಂದೆ ಕೂರಿಸದೆ ಬಿಡುವುದಿಲ್ಲ. ಬಡಿಸುವವರು ಬೇಡ ಎಂದರೂ ಕೇಳುವುದಿಲ್ಲ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ಪಾಯಸದ ಗೋಡಂಬಿಯನ್ನು ಬದಿಗೆ ಸರಿಸಿ ಏಳುವುದನ್ನು ಕಲಿತೆ. ಪಾತ್ರೆಯವನಿಗೆ ಜಂಬ ಬಂದಿದೆ ಎಂದು ಕೆಲವರು ಆಡಿಕೊಂಡರು.

ಕಿಡ್ನಿ ಒಂದು ಹದಕ್ಕೆ ಬಂದ ಮೇಲೆ ಡಾಕ್ಟರು ಮೊಸರು ತಿನ್ನಿ ಅಂದರು. ಬಿಟ್ಟದ್ದೇ ತಪ್ಪಂತೆ, ಊಟದ ಜೊತೆಗೇ ತಿನ್ನಬೇಕಂತೆ, ಮೊಸರಿನ ಸುಣ್ಣ ಆ ಆಕ್ಸಲೇಟನ್ನು ಹೊಟ್ಟೆಯಲ್ಲೇ ಹಿಡಿದು ಹೊರಗೆ ಹಾಕುತ್ತದಂತೆ. ನಾನು ನಂಬದೆ ಇನ್ನೊಂದು ಸಲ ಕೇಳಿದೆ. ಆ ದಿನದ ಮೊಸರನ್ನವನ್ನು ನಾನು ತುತ್ತು ತುತ್ತಾಗಿ, ಮುಗಿದುಹೋಗುತ್ತದಲ್ಲ ಎಂದು ಬೇಸರಪಡುತ್ತ ಉಂಡೆ.

ಅದನ್ನು ಕಲೆಸಿ ಕೊಟ್ಟದ್ದು ಸುಜಾತ. ಅಮ್ಮ ಒಲೆಯ ಹತ್ತಿರ ಸುಳಿಯುತ್ತಿರಲಿಲ್ಲ. ತರಕಾರಿ ಹೆಚ್ಚಿ ಕೊಡುತ್ತಿದ್ದಳು, ಅಕ್ಕಿ ಆರಿಸುತ್ತಿದ್ದಳು, ಬೆಂಕಿಗೆ ಏರಿಸುವ ಹೊತ್ತಿಗೆ ಎದ್ದು ಹಿಂದೆ ಹೋಗುತ್ತಿದ್ದಳು. ಬಡಿಸು ಎಂದರೆ ಕೈ ನೋವು ಅನ್ನುತ್ತಿದ್ದಳು. ಹಂಡೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುವಾಗ ಕೈ ನೋವು ಇರುತ್ತಿರಲಿಲ್ಲ. ಅವಳು ಒಲೆ ಬಿಟ್ಟದ್ದಕ್ಕೆ ಕಾರಣ ನಮ್ಮ ಮನೆಯೊಳಗಿನದು ಮಾತ್ರ ಅಲ್ಲ. ಪೇಟೆಯಲ್ಲಿ ಮಾತು ಹಬ್ಬಿತ್ತು: ತಾಯಿಯೇ ಮಗನಿಗೆ ವಿಷ ಹಿಂಡಿ ಕೊಟ್ಟಳಂತೆ. ಹೇಳಿದವರು ಕೆಟ್ಟವರಲ್ಲ, ಬಾಯಿ ಚಪಲದವರು. ಒಮ್ಮೆ ಅಂಗಡಿಯಲ್ಲಿ ಅಮ್ಮ ಇರುವುದು ಗೊತ್ತಿಲ್ಲದೆ ಒಬ್ಬರು ಅದನ್ನೇ ಆಡಿದರು. ಅಮ್ಮ ಒಳಗಿನಿಂದ ಬಂದು ಅವರಿಗೆ ಬೇಕಾದ ಬೋಗುಣಿಗಳನ್ನು ಎಣಿಸಿ ಕೊಟ್ಟು ಒಳಗೆ ಹೋದಳು.

ಮುಂದಿನ ವರ್ಷ ಒಂದು ತಪಾಸಣೆಗೆ ಹೊರಟಾಗ ಅಮ್ಮ ತಾನೂ ಬರುತ್ತೇನೆ ಅಂದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಆ ಕಡೆ ತಲೆ ಹಾಕಿರಲಿಲ್ಲ. ಡಾಕ್ಟರು ಕಾಗದ ನೋಡಿ, ಕಿಡ್ನಿಗಳು ಬಹುಪಾಲು ವಾಪಸು ಬಂದಿವೆ, ಮೊದಲಿನಷ್ಟು ಗಟ್ಟಿ ಆಗಲಿಕ್ಕಿಲ್ಲ, ಜಾಗ್ರತೆಯಿಂದ ಇದ್ದರೆ ಇವು ಸಾಕು ಅಂದರು. ನಾವು ಎದ್ದೆವು. ಅಮ್ಮ ಏಳಲಿಲ್ಲ.

"ಇನ್ನು ನಾನು ಮಾಡಿ ಹಾಕಿದ್ದು ಇವ್ನು ಉಣ್ಬಹುದಾ?"

ಡಾಕ್ಟರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕನ್ನಡಕ ತೆಗೆದು ಅಮ್ಮನನ್ನು ನೋಡಿದರು.

"ಅಮ್ಮ, ದೋಷ ಆ ಹುಳಿಯದ್ದು. ನಿಮ್ಮ ಕೈಯದ್ದಲ್ಲ," ಅಂದರು.

ಮಾರನೆಯ ದಿನ ಬೆಳಿಗ್ಗೆ ಸುಜಾತ ಎದ್ದು ಬರುವಷ್ಟರಲ್ಲಿ ಒಲೆ ಉರಿಯುತ್ತಿತ್ತು. ಸೋರೆಕಾಯಿ ಬೇಯಿಸಿ ಆ ನೀರನ್ನು ಬಸಿದು ಚೆಲ್ಲುತ್ತಿದ್ದಳು. ಸೋರೆಕಾಯಿಗೆ ಅದು ಬೇಕಾಗಿಲ್ಲ, ಆಕ್ಸಲೇಟ್ ಇರುವ ಸೊಪ್ಪು ತರಕಾರಿ ಕೆಲವಕ್ಕೆ ಮಾತ್ರ ಎಂದು ಸುಜಾತ ಹೇಳಿದಳು. ಬೇಯಿಸಿದ ನೀರನ್ನು ಸಾರಿಗೆ ಬಿಟ್ಟು ಬೇರೆಡೆಗೆ ಹಾಕಿದವಳಲ್ಲ ನನ್ನ ಅಮ್ಮ. ಇರಲಿ, ಎಂದು ಚೆಲ್ಲಿದಳು.

ನಾನು ಊಟಕ್ಕೆ ಬಂದರೆ ನನಗೆ ಎಲೆ ಇರಲಿಲ್ಲ. ಅಮ್ಮ ಒಬ್ಬಳೇ ಕೂತು ಉಣ್ಣುತ್ತಿದ್ದಳು. ನನಗೆ ಬುದ್ಧಿ ತಿಳಿದಾಗಿನಿಂದ ಅವಳು ಎಲ್ಲರದೂ ಮುಗಿದ ಮೇಲೆ, ಪಾತ್ರೆಯಲ್ಲಿ ಮಿಕ್ಕಿದ್ದನ್ನು ಉಂಡವಳು. ಹಬ್ಬವಿರಲಿ, ಹಸಿವಿರಲಿ, ಮನೆಯ ಗಂಡಸರಿಗಿಂತ ಮೊದಲು ಕೂತದ್ದು ನಾನು ನೋಡಿಲ್ಲ. ಈಗ ಅನ್ನ, ಪಲ್ಯ, ಸಾರು, ಮೊಸರು ಎಲ್ಲವನ್ನೂ ಒಂದೊಂದಾಗಿ ಹಾಕಿಕೊಂಡು, ಪರೀಕ್ಷೆ ಬರೆಯುವವರಂತೆ ತಲೆ ತಗ್ಗಿಸಿ ಉಂಡಳು. ಎದ್ದು ಕೈ ತೊಳೆದು ಬಾಗಿಲ ಹತ್ತಿರ ಕೂತಳು. ಸ್ವಲ್ಪ ತಡಿ, ಅಂದಳು ನನಗೆ.

ಅವತ್ತಿನಿಂದ ಇವತ್ತಿನವರೆಗೂ ಹೀಗೇ. ಸುಜಾತಳೂ ಹೇಳಿ ಸೋತಿದ್ದಾಳೆ. ಒಂದು ದಿನ ನಾನೇ ಕೂರಿಸಿಕೊಂಡು ಬಿಡಿಸಿ ಹೇಳಿದೆ. ಅಮ್ಮ, ಅದು ಹಾಗೆ ಒಂದು ಊಟಕ್ಕೆ ಗೊತ್ತಾಗುವಂಥದ್ದಲ್ಲ. ಸ್ವಲ್ಪ ಸ್ವಲ್ಪವಾಗಿ, ನಿಧಾನಕ್ಕೆ ಆಗುವಂಥದ್ದು. ನೀನು ಮೊದಲು ಉಂಡರೆ ಏನೂ ಪ್ರಯೋಜನ ಇಲ್ಲ. ಅವಳು ಪೂರ್ತಿ ಕೇಳಿದಳು.

"ನಿಧಾನಕ್ಕೆ ಆಗೋದಾದ್ರೆ ನಂಗೂ ನಿಧಾನಕ್ಕೇ ಆಗ್ಲಿ. ನಿಂಗಿಂತ ಮೊದ್ಲು ಆಗ್ಲಿ," ಅಂದಳು.

ಅವಳು ಬಡಿಸಿದಳು, ನಾನು ಉಂಡೆ.